ಅಳಬಾರದ ನಂಟು

ಬದುಕಿದ್ದಾಗ ಯಾರ ನಾಟಕಕ್ಕೆ ಒಂದು ಸಂಜೆಯನ್ನೂ ಕೊಡಲಿಲ್ಲವೋ, ಅವನ ಶವದ ಮುಂದೆ ಕೈಕಟ್ಟಿ ನಿಂತು 'ತುಂಬಲಾರದ ನಷ್ಟ' ಎಂದು ನೀವೂ ಒಮ್ಮೆ ಹೇಳಿಲ್ಲವೆ? ಕುದುಗು ಪಟ್ಟಣದ ಆ ಅಂಗಳದಲ್ಲಿ ಅಂದು ಬೆಳಿಗ್ಗೆ ಅದೇ ಮಾತನ್ನು ಒಬ್ಬರಾದ ಮೇಲೊಬ್ಬರು ಹೇಳುತ್ತಿದ್ದರು. ಮಾವಿನ ಮರದ ಕೆಳಗೆ ತಿಂಗಾ ತಪ್ಸೋಬಾನ ಶವಪೆಟ್ಟಿಗೆಯಿತ್ತು. ಅದೇ ಮರದ ಕೆಳಗೆ ಅವನು ನಲವತ್ತು ವರ್ಷ ನಾಟಕ ಬರೆದಿದ್ದ, ಆಡಿಸಿದ್ದ, ಹಸಿದ ನಟರಿಗೆ ತನ್ನ ಮನೆಯ ಸಜ್ಜೆಮುದ್ದೆಯನ್ನು ಹಂಚಿದ್ದ.

ಅವನ ನಾಟಕಗಳ ಮುಖ್ಯ ನಟಿ ಒದೀಲ್ ತೋಯೆ ದೂರದ ಗೋಡೆಯ ಬಳಿ, ಕಡಲೆಕಾಯಿ ಮಾರುವವರ ನಡುವೆ ನಿಂತಿದ್ದಳು. ಅವಳು ಸಾಮೊ ಬುಡಕಟ್ಟಿನವಳು, ಅವನು ಮೊಸ್ಸಿ ಬುಡಕಟ್ಟಿನವನು. ಈ ಎರಡು ಬುಡಕಟ್ಟುಗಳ ನಡುವೆ ತಲೆಮಾರುಗಳಿಂದ ಇರುವುದು ಗೇಲಿಯ ನಂಟು. ಎದುರಾದರೆ ಬೈಗುಳವೇ ನಮಸ್ಕಾರ. ಒಬ್ಬರ ಸಾವಿಗೆ ಇನ್ನೊಬ್ಬರು ಅಳುವಂತಿಲ್ಲ. ಸತ್ತವನ ಉಡುಪು ತೊಟ್ಟು, ಅವನಂತೆಯೇ ನಡೆದು ನುಡಿದು, ನೆರೆದವರನ್ನು ನಗಿಸಿ ಕಳಿಸಿಕೊಡಬೇಕು.

ಅಂತ್ಯಕ್ರಿಯೆ ನಡೆಸಲು ರಾಜಧಾನಿಯಿಂದ ಬಂದ ಸಮಿತಿ ಇದು ಬೇಡವೆಂದಿತ್ತು. ದೇಶದ ಕಲಾವಿದನ ಅಂತಿಮ ದರ್ಶನದಲ್ಲಿ ಕೋಡಂಗಿಯಾಟ ಸಲ್ಲದು, ಗಣ್ಯರು ಏನೆಂದುಕೊಂಡಾರು ಎಂದು ಕಪ್ಪು ಕೋಟಿನ ಅಧ್ಯಕ್ಷರು ತೀರ್ಪು ಕೊಟ್ಟಿದ್ದರು. ತಿಂಗಾನ ಹೆಂಡತಿ ಪೊಲೀನ್ ಎಷ್ಟು ವಾದಿಸಿದರೂ ಕೇಳಲಿಲ್ಲ. ಈಗ ಅವಳು ಗೋಡೆಯ ಗುಂಟ ನಡೆದುಬಂದು ಗಂಡನ ಹತ್ತಿಯ ಟೋಪಿಯನ್ನು ಒದೀಲಳ ಕೈಗಿಟ್ಟಳು.

"ಇವ್ರು ಯಾರನ್ನೋ ಹೂಳ್ತಾ ಇದಾರೆ ಕಣೆ. ನಮ್ಮನೇವ್ರನ್ನಲ್ಲ."

"ನನ್ ಕೈಲಾಗಲ್ಲ ಅಕ್ಕ. ಬಾಯಿ ತೆಗೆದ್ರೆ ಅಳು ಬಂದ್ಬಿಡುತ್ತೆ. ನಾನು ಅತ್ರೆ ಅವನಿಗೇ ಅವಮಾನ."

"ಹಾಗಾದ್ರೆ ಅವ್ರು ಹಿಂಗೇ ಹೋಗ್ಬೇಕಾ, ಯಾರೋ ಪರದೇಶಿ ಥರ?"

ಒದೀಲ್ ಟೋಪಿಯನ್ನೇ ನೋಡಿದಳು. ಅವಳಂತೆಯೇ ಸಾಮೊ ಆಗಿದ್ದ ಅವಳ ಗಂಡ ತೀರಿಕೊಂಡ ದಿನ ಇದೇ ಟೋಪಿ ಹಾಕಿಕೊಂಡು ಬಂದಿದ್ದ ತಿಂಗಾ, ಹೆಣದ ಪಕ್ಕದಲ್ಲಿ ಮೈಚಾಚಿ ಮಲಗಿ, ಆಚೆ ಸರಿಯೋ ನಾಯಿತಲೆ ತಿನ್ನೋನೇ, ಈ ಚಾಪೆ ನಂದು ಎಂದು ಜಗಳ ತೆಗೆದಿದ್ದ. ಬೆಳಗಿನಿಂದ ಕಲ್ಲಾಗಿ ಕೂತಿದ್ದ ಒದೀಲ್ ಆಗ ನಕ್ಕಿದ್ದಳು. ಆಮೇಲೆ ಹಿತ್ತಲಿನಲ್ಲಿ ಅವನು ಗೋಡೆಗೆ ಮುಖ ಮಾಡಿ ನಿಂತು ಭುಜ ಕುಲುಕುವಂತೆ ಬಿಕ್ಕುತ್ತಿದ್ದುದನ್ನು ಕಂಡೂ ಕಾಣದವಳಂತೆ ಒಳಗೆ ಬಂದಿದ್ದಳು.

ಅವಳು ಟೋಪಿಯನ್ನು ಎಡಗಿವಿಯ ಮೇಲೆ ಎಳೆದುಕೊಂಡಳು. ತಿಂಗಾನಂತೆಯೇ ಬಲಗಾಲನ್ನು ತುಸು ಎಳೆಯುತ್ತ ಜನರನ್ನು ಸೀಳಿ ನಡೆದು, ಭಾಷಣ ಓದುತ್ತಿದ್ದ ಅಧ್ಯಕ್ಷರೆದುರು ನಿಂತು, ತಾಲೀಮಿನಲ್ಲಿ ಅವನು ಮಾಡುತ್ತಿದ್ದ ಹಾಗೆ ಕಿವಿಗೆ ಅಂಗೈ ಒಡ್ಡಿದಳು.

"ಏ ಕರೀಕೋಟು, ನಿಲ್ಸು ನಿಲ್ಸು. ಯಾರ ಪಾತ್ರ ಮಾಡ್ತಾ ಇದೀಯ ನೀನು? ಅಲ್ಲಿ ಕಡಲೇಕಾಯಿ ಮಾರೋಳಿಗೆ ಒಂದಕ್ಷರ ತಲುಪಲಿಲ್ಲ. ಮೊದಲಿಂದ ಹೇಳು."

ಅದು ತಿಂಗಾನದೇ ಧ್ವನಿ, ಅದೇ ಸಿಡುಕು. ಗೋಡೆಯ ಬಳಿ ಯಾರೋ ಕಿಸಕ್ಕೆಂದರು. ನಗು ಅಂಗಳವನ್ನೆಲ್ಲ ಹಬ್ಬಿತು. ಅಧ್ಯಕ್ಷರು ಕಾವಲಿನವರನ್ನು ಕರೆಯಲು ಕೈಯೆತ್ತಿದರು. ತಿಂಗಾನ ಮುದಿ ಚಿಕ್ಕಪ್ಪ ಆ ಕೈಯನ್ನು ಮೆಲ್ಲಗೆ ಕೆಳಗಿಳಿಸಿದ. "ಸುಮ್ನಿರಿ ಸಾಹೇಬ್ರೇ. ಅವಳು ಒಪ್ಪೋ ತನಕ ಪೆಟ್ಟಿಗೆ ಎತ್ತೋಕೆ ನಾವ್ಯಾರೂ ಮುಟ್ಟಲ್ಲ."

ಒದೀಲ್ ಪೆಟ್ಟಿಗೆಯ ಮೇಲೆ ಬೆರಳ ಗೆಣ್ಣಿನಿಂದ ಬಡಿದಳು. ಈಗ ಧ್ವನಿ ಅವಳದೇ.

"ಏಳೋ ಸೋಮಾರಿ ಮೊಸ್ಸಿ. ಎಲ್ರೂ ಬಂದಿದಾರೆ, ತಾಲೀಮಿಗೆ ಹೊತ್ತಾಯ್ತು."

ಕೊನೆಯ ಮಾತು ನಡುಗಿತು. ಅವಳು ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡು ಕಾದಳು. ನಿಜವಾಗಿಯೂ ಉತ್ತರ ಬರಬೇಕೆನ್ನುವಂತೆ ಕಾದಳು. ಆಗ ಪೊಲೀನ್ ನಕ್ಕಳು. ಕೆನ್ನೆ ಒದ್ದೆಯಾಗಿದ್ದರೂ, ಹೊಟ್ಟೆ ಹಿಡಿದುಕೊಂಡು, ಗಂಡ ಮನೆಯಲ್ಲೇ ಇದ್ದಾನೆನ್ನುವಂತೆ ನಕ್ಕಳು.

"ಏಳಲ್ವಂತೆ. ಎತ್ತಿ ಇನ್ನು," ಎಂದಳು ಒದೀಲ್.

ತಿಂಗಾ ತನ್ನ ಪ್ರತಿ ನಾಟಕವನ್ನೂ ಕೊನೆಯಾಗುವ ಮುನ್ನ ನಿಲ್ಲಿಸುತ್ತಿದ್ದ. ಇದು ಸರಿಯೆ ಎಂದು ಜನರನ್ನು ಕೇಳುತ್ತಿದ್ದ. ಸರಿಯಲ್ಲವೆನಿಸಿದವರು ಎದ್ದುಬಂದು ಆಡಿ ತೋರಿಸಬೇಕಿತ್ತು. ಅದಕ್ಕಾಗಿ ನಟರ ವೃತ್ತದಲ್ಲಿ ಸದಾ ಒಬ್ಬರ ಜಾಗ ಖಾಲಿ ಇರುತ್ತಿತ್ತು. ಅವನು ಹೋದ ಮೇಲೆ ಈಗ ಅದೇ ಮರದ ಕೆಳಗೆ ಒದೀಲ್ ಕಿವಿಗೆ ಅಂಗೈ ಒಡ್ಡಿ ತಾಲೀಮು ನಡೆಸುತ್ತಾಳೆ. ಆ ಜಾಗ ಈಗಲೂ ಖಾಲಿಯೇ ಇರುತ್ತದೆ. ನಿಮ್ಮ ಊರಿನಲ್ಲೂ ಅಂಥದೊಂದು ಅಂಗಳವಿದ್ದೀತು, ಅಲ್ಲಿ ಒಬ್ಬ ಸಿಡುಕನಿದ್ದಾನು. ಅವನಿನ್ನೂ ಉಸಿರಾಡುತ್ತಿರುವಾಗಲೇ, ಈ ಸಂಜೆಯೇ, ದಯವಿಟ್ಟು ಎದ್ದು ಹೋಗಿ ಆ ಜಾಗದಲ್ಲಿ ನಿಲ್ಲಿ.