ಹಳಿ ಕಿತ್ತ ಮೇಲೆ

ಬಗ್ಗಿ ಏನನ್ನಾದರೂ ನೋಡುವಾಗ ನಮ್ಮ ಭಾವ ಉಸಿರು ಬಿಗಿಹಿಡಿಯುತ್ತಿದ್ದರು. ಪ್ರಯೋಗಾಲಯದಲ್ಲಿ ಅದಕ್ಕೆ ಕಾರಣವಿತ್ತು. ಅವರು ಜೀವನವಿಡೀ ಪಳಗಿಸಹೊರಟ, ಬೆಳಕಿನ ಜಾತಿಯವೇ ಆದರೂ ಕಣ್ಣಿಗೆ ಕಾಣದ ಟೆರಾಹರ್ಟ್ಸ್ ತರಂಗಗಳಿಗೆ ತೇವವೆಂದರೆ ಆಗದು, ಮನುಷ್ಯನ ಉಸಿರಿನ ಆವಿಗೂ ಅವು ಸೊರಗುತ್ತವೆ. ಆದರೆ ಆ ಅಭ್ಯಾಸ ಮನೆಯವರೆಗೂ ಬೆನ್ನುಹತ್ತಿ ಬಂದಿತ್ತು; ತೊಟ್ಟಿಲಿನಲ್ಲಿದ್ದ ಸ್ವಂತ ಮಗಳನ್ನೂ ಉಸಿರಾಡದೆ ನೋಡಿ, ಕೆಂಪೇರಿದ ಮುಖದಲ್ಲಿ ಹಿಂದೆ ಸರಿಯುತ್ತಿದ್ದರು. "ಮಗು ನೋಡೋಕೆ ಹೋದ್ರೋ, ಬಾವಿಗೆ ಧುಮುಕಿದ್ರೋ?" ಎಂದು ಅಕ್ಕ ಗದರುವಳು.

ಎತ್ತರದ ಆಳು, ಮೊಣಕೈ ಸವೆದ ಬೂದು ಕೋಟು, ನಡೆಯುವಾಗ ದೇಹಕ್ಕಿಂತ ತಲೆಯೇ ಒಂದು ಗೇಣು ಮುಂದೆ. ಮಾತಿಗೊಮ್ಮೆ "ಅಲ್ವೇನಯ್ಯ?" ಎಂದು ಕೇಳಿ ಉತ್ತರಕ್ಕೆ ಕಾಯದ ಸ್ವಭಾವ. ಸಭೆಯನ್ನು ನಗಿಸುವುದರಲ್ಲಂತೂ ನಿಸ್ಸೀಮರು. ಗಾಳಿಯಲ್ಲಿ ನೇರವಾಗಿ ಧಾವಿಸುವ ತರಂಗವನ್ನು ಹಿಡಿದು ಮೂಲೆ ತಿರುಗಿಸುವುದೇ ಅವರ ಸಾಧನೆಯ ಗುರಿ. ಸೂಕ್ಷ್ಮವಾದ ಗೀರುಗಳನ್ನು ಕೊರೆದ ಲೋಹದ ಪಟ್ಟಿಯ ಮೈಗಂಟಿಕೊಂಡು ತರಂಗ ಸಾಗುವ ಈ ದಾರಿಗೆ ವಿಜ್ಞಾನಿಗಳು ಪ್ಲಾಸ್ಮಾನಿಕ್ ವೇವ್‌ಗೈಡ್ ಎನ್ನುತ್ತಾರಂತೆ. ಭಾವ ಅದನ್ನು 'ಹಳಿ' ಎನ್ನುತ್ತಿದ್ದರು. ಒಣಗಾಳಿ ತುಂಬಿದ ಪೆಟ್ಟಿಗೆಯಲ್ಲಿ, ಬಾಗಿದ ಪಟ್ಟಿಯ ಒಂದು ತುದಿಯಿಂದ ಹೊರಟ ತರಂಗ ಇನ್ನೊಂದು ತುದಿ ಮುಟ್ಟಿ ಪರದೆಯ ಮೇಲೆ ಶಿಖರವಾಗಿ ಎದ್ದಾಗ, ದೂರದೂರದ ವಿದ್ವಾಂಸರು ಅಭಿನಂದಿಸಿದರು.

ಆ ದಿನಗಳಲ್ಲೇ ವಿಚಾರಗೋಷ್ಠಿಯೊಂದರಲ್ಲಿ ಅವರ ಶಿಷ್ಯೆಯೊಬ್ಬಳು ಎದ್ದುನಿಂತು, "ಸರ್, ಪಟ್ಟಿ ತೆಗೆದಿಟ್ಟು ಒಂದ್ಸಲ ಅಳೆದು ನೋಡೋಣ್ವಾ?" ಎಂದು ಕೇಳಿದಳು. ಭಾವ ಸಭೆಯತ್ತ ತಿರುಗಿ ಕೈ ಚಾಚಿದರು: "ಕೇಳಿದ್ರಾ? ಹಳಿ ಕಿತ್ತುಹಾಕಿ ರೈಲು ಓಡುತ್ತಾ ನೋಡೋಣ ಅಂತಿದಾಳೆ!" ಸಭೆ ಬಿದ್ದುಬಿದ್ದು ನಕ್ಕಿತು. ಆ ಜೋಕು ಎಷ್ಟು ಹಿಡಿಸಿತೆಂದರೆ, ನೆಂಟರು ಬಂದಾಗಲೆಲ್ಲ ಭಾವ ಅವಳ ಮೆಲುದನಿಯನ್ನು ಅಣಕಿಸಿ ಅದನ್ನು ಹೇಳುವರು. ಪ್ರಯೋಗಾಲಯದ ಓಣಿಯಲ್ಲಿ ಅವಳನ್ನು ಕಂಡವರು ರೈಲಿನ ಸಿಳ್ಳೆ ಹಾಕತೊಡಗಿದರು. ವರ್ಷ ತುಂಬುವ ಮೊದಲೇ ಅವಳು ಸಂಶೋಧನೆ ಬಿಟ್ಟು, ಕನ್ನಡಕದ ಗಾಜು ತಯಾರಿಸುವ ಕಾರ್ಖಾನೆ ಸೇರಿದಳು.

ಕೆಲವು ವರ್ಷಗಳ ತರುವಾಯ ಒಂದು ಮಧ್ಯಾಹ್ನ ಭಾವ ಊಟದ ಹೊತ್ತಿಗಿಂತ ಮುಂಚೆಯೇ ಮನೆಗೆ ಬಂದು, ಕೋಟು ಬಿಚ್ಚದೆ ಕುರ್ಚಿಯಲ್ಲಿ ಕುಸಿದರು. ಆ ಬೆಳಿಗ್ಗೆ ಪ್ರಯೋಗಾಲಯದಲ್ಲಿ ಒರೆಸಲೆಂದು ಪಟ್ಟಿಯನ್ನು ಹೊರತೆಗೆದವರು, ಯಾರೋ ಕರೆದರೆಂದು ಅದನ್ನು ಹಿಡಿದುಕೊಂಡೇ ಪೆಟ್ಟಿಗೆ ಮುಚ್ಚಿದ್ದರು.

"ಪಟ್ಟಿ ನನ್ನ ಕೈಯಲ್ಲಿತ್ತು ಕಣಯ್ಯ. ಪರದೆ ಮೇಲೆ ಶಿಖರ ಹಾಗೇ ನಿಂತಿತ್ತು."

ಪೆಟ್ಟಿಗೆಯ ಹೊಳಪುಳ್ಳ ಮುಚ್ಚಳವೇ ಕನ್ನಡಿಯಾಗಿ, ತರಂಗವನ್ನು ಈ ತುದಿಯಿಂದ ಆ ತುದಿಗೆ ಎಸೆಯುತ್ತಿತ್ತು. ಪಟ್ಟಿಯ ತಿರುವಿನಲ್ಲಿ ಯಾವುದೂ ತಿರುಗಿಯೇ ಇರಲಿಲ್ಲ.

ಅವರು ತಪ್ಪನ್ನು ಅಡಗಿಸಲಿಲ್ಲ. ಪ್ರಕಟವಾದ ಲೇಖನವನ್ನು ತಾವೇ ಹಿಂದೆ ಪಡೆದರು. ಆ ಪ್ರಾಮಾಣಿಕತೆಗೂ ನಾಲ್ಕು ಕಡೆಯಿಂದ ಮೆಚ್ಚುಗೆಯೇ ಬಂತು. ಪ್ರತಿ ಮೆಚ್ಚುಗೆಗೂ ಭಾವ ಇನ್ನಷ್ಟು ಕುಗ್ಗಿದರು. ಅಕ್ಕ ಒಂದೇ ಮಾತು ಕೇಳಿದಳು: "ಊರಿಗೆಲ್ಲ ಹೇಳಿದ್ರಿ. ಆ ಹುಡುಗಿಗೆ?"

ಒಬ್ಬರೇ ಹೋಗಲು ಧೈರ್ಯ ಸಾಲದೆ ನನ್ನನ್ನು ಜೊತೆಗೆ ಕರೆದೊಯ್ದರು. ಕಾರ್ಖಾನೆಯ ಮುಂಗೋಣೆಗೆ ಅವಳು ಕೈ ಒರೆಸಿಕೊಳ್ಳುತ್ತ ಬಂದಳು. ಭಾವ ಗಾಳಿಯ ಶುಭ್ರತೆಯನ್ನು ಹೊಗಳಿದರು, ಗಾಜಿನ ದಪ್ಪ ವಿಚಾರಿಸಿದರು. ಕಡೆಗೆ ನೆಲ ನೋಡುತ್ತ, "ನೀನು ಹೇಳಿದ್ದೇ ಸರಿ ಕಣಮ್ಮ. ನಾನೇ ಅಳೀಲಿಲ್ಲ," ಎಂದರು.

"ಗೊತ್ತಾಯ್ತು ಸರ್, ಓದಿದೆ."

"ಬೇಜಾರಾಗಿದ್ದರೆ ಬೈದುಬಿಡು."

"ಅವತ್ತು ನೀವು ಬೈದಿದ್ದರೆ ಮರೆತುಬಿಡ್ತಿದ್ದೆ ಸರ್. ನಗಿಸಿಬಿಟ್ರಿ."

ದನಿಯಲ್ಲಿ ಕೋಪವಿರಲಿಲ್ಲ; ಇದ್ದಿದ್ದರೆ ಭಾವನಿಗೆ ಎಷ್ಟೋ ಹಗುರಾಗುತ್ತಿತ್ತು. ಮರಳುವಾಗ ದಾರಿಯುದ್ದಕ್ಕೂ ಅವರು "ಅಲ್ವೇನಯ್ಯ?" ಎನ್ನಲಿಲ್ಲ. ಮುಂದೆ ನೆಂಟರು ಆ ಜೋಕು ಹೇಳಿ ಎಂದು ಒತ್ತಾಯಿಸಿದಾಗ, ಮುಖ ಬಾಡಿಸಿಕೊಂಡು ಕೋಣೆಯಿಂದೆದ್ದು ಹೋಗುವರು.

ಪ್ರಕೃತಿಯೆದುರು ಸೋಲೊಪ್ಪಲು ಅಂಜದ ಜನ ಈ ವಿಜ್ಞಾನಿಗಳು. ತಪ್ಪಿದ ಅಳತೆಯನ್ನು ತಿದ್ದುವ, ಹುಸಿಯಾದ ಲೇಖನವನ್ನು ಹಿಂಪಡೆಯುವ ಕ್ರಮವನ್ನು ಅವರ ಲೋಕ ಎಂದೋ ರೂಪಿಸಿಕೊಂಡಿದೆ. ನಾಲ್ಕು ಜನ ಒಬ್ಬಳನ್ನು ನೋಡಿ ನಕ್ಕ ನಗುವನ್ನು ಹಿಂಪಡೆಯುವ ಕ್ರಮ ಮಾತ್ರ ಯಾವ ಲೋಕದಲ್ಲೂ ಇಲ್ಲ. ಅದನ್ನರಿತ ವಾಚಾಳಿಗಳು ಉಳಿದ ಆಯುಷ್ಯವನ್ನು ತಗ್ಗಿದ ದನಿಯಲ್ಲಿ ಕಳೆಯುತ್ತಾರೆ. ಹತ್ತಿರದವರಾದ ನಾವು ಅದನ್ನು ಮುಪ್ಪು ಎಂದುಕೊಳ್ಳುತ್ತೇವೆ.