ಹುಲ್ಲಿಗೆ ಹೋದವರು

ಮುನಿಗಂಗಮ್ಮ ಸತ್ತ ಗೆಳತಿ ಅಮ್ಮಯಮ್ಮನ ಬಲಗೈ ಬೆರಳುಗಳನ್ನು ಒಂದೊಂದಾಗಿ ಮಡಿಸುತ್ತಿದ್ದಳು. ಅವು ಮಡಿಸಿದ ಹಾಗೆ ನಿಲ್ಲುತ್ತಿರಲಿಲ್ಲ. ಅರಿಶಿನದ ನೀರು ಹುಯ್ಯುತ್ತಿದ್ದ ಸೊಸೆ ಪದ್ಮಶ್ರೀ ಚೊಂಬು ಕೆಳಗಿಟ್ಟು, ಅತ್ತೆಯ ಆ ಕೈಗೆ ಎಲೆ ಅಡಿಕೆ ಇಡಬೇಕು, ಬಿಡಿ ದೊಡ್ಡಮ್ಮ ಅಂದಳು. ಬಿಡಲೇಬೇಕಾಯಿತು. ಮುನಿಗಂಗಮ್ಮನ ಅಂಗೈಯಲ್ಲಿ ಬಾಳೆ ಎಲೆಯ ತುಂಡಿನೊಳಗೆ ಒಂದು ಮೀನಿನ ಗಾಳವಿತ್ತು. ಹುಂಜದ ಕೆಂಪು ಗರಿ ಕಟ್ಟಿದ ಗಾಳ. ಅದನ್ನು ಯಾರಿಗೂ ಕಾಣದ ಹಾಗೆ ಅಮ್ಮಯಮ್ಮನ ಕೈಗೆ ಸೇರಿಸಬೇಕಿತ್ತು. ಅಷ್ಟರಲ್ಲಿ ಎಲೆ ಅಡಿಕೆ ಬಂತು, ಹಸಿರು ಬಳೆ ಬಂತು, ಹೂವು ಬಂತು. ಮುತ್ತೈದೆಯಾಗಿ ಹೋದವಳ ಅಲಂಕಾರದಲ್ಲಿ ಗಾಳಕ್ಕೆ ಜಾಗವೇ ಉಳಿಯಲಿಲ್ಲ.

ಹೊರಗೆ ಶಾಮಿಯಾನದ ಕೆಳಗೆ ಎಲ್ಲರದ್ದೂ ಒಂದೇ ಮಾತು. ಅನುಗೊಂಡನಹಳ್ಳಿಯಿಂದ ಬಂದ ನೆಂಟರೂ ಅದನ್ನೇ ಹೇಳಿದರು, ಹಾಲಿನ ಡೇರಿಯವರೂ ಅದನ್ನೇ ಹೇಳಿದರು. ಅಮ್ಮಯಮ್ಮ ಒಂದು ಗಳಿಗೆ ಸುಮ್ಮನೆ ಕೂತ ಹೆಂಗಸಲ್ಲ. ಬೆಳಗಿನ ಜಾವ ಹಸು ಕರೆದು, ಹಾಲಿನ ಕ್ಯಾನಿಗೆ ಮುಚ್ಚಳ ಹಾಕಿ, ಆಮೇಲೆ ಕೊಟ್ಟಿಗೆಯಲ್ಲೇ ಕುಸಿದಿದ್ದಳು. ಹೋಗುವಾಗಲೂ ಕೆಲಸ ಮುಗಿಸಿಯೇ ಹೋದಳಲ್ಲ ಎಂದು ಜನ ನಿಟ್ಟುಸಿರು ಬಿಟ್ಟರು. ಸಾವಿನ ಮನೆಯಲ್ಲಿ ಹೊಗಳುವುದು ಮಾಮೂಲು, ಅದನ್ನು ಯಾರೂ ಒರೆಗೆ ಹಚ್ಚುವುದಿಲ್ಲ. ಆದರೆ ಇದು ಊರೇ ನಂಬಿದ್ದ ಮಾತು. ಗಂಡ ಮುನಿವೆಂಕಟಪ್ಪ ಹೆಗಲ ಮೇಲಿನ ಟವಲ್ಲಿನಲ್ಲಿ ಕಣ್ಣೊರೆಸಿಕೊಂಡು ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದ.

"ಸುಮ್ನೆ ಕೂತ್ಕೊಂಡಿದ್ದನ್ನ ನಾನೊಂದಿನ ನೋಡ್ಲಿಲ್ಲಪ್ಪ."

ಅವನು ನೋಡಿರಲಿಲ್ಲ, ಅದು ನಿಜವೇ. ನೋಡಿದ್ದವರು ಊರಲ್ಲಿ ಇಬ್ಬರೇ: ಮುನಿಗಂಗಮ್ಮ, ಮತ್ತು ಗೋಡೆಗೊರಗಿ ಸೆರಗು ಕಚ್ಚಿಕೊಂಡಿದ್ದ ಪಿಳ್ಳಮ್ಮ.

ಕೈಗೆ ಇಟ್ಟೆಯಾ ಎಂದು ಪಿಳ್ಳಮ್ಮ ಕಣ್ಣಲ್ಲೇ ಕೇಳಿದಳು. ಮುನಿಗಂಗಮ್ಮ ಮುಷ್ಟಿ ತೋರಿಸಿದಳು.

"ಮಾತು ಕೊಟ್ಟಿದ್ದೀವಿ ಕಣಕ್ಕ," ಅಂದಳು ಪಿಳ್ಳಮ್ಮ.

*

ಮಾತು ಕೊಟ್ಟಿದ್ದು ಹೋದ ಬೇಸಿಗೆಯಲ್ಲಿ, ಪಿನಾಕಿನಿ ಹೊಳೆಯ ದಡದಲ್ಲಿ.

ಮೂವರೂ ದಿನಾ ಮಧ್ಯಾಹ್ನ ಕುಡುಗೋಲು, ಹಗ್ಗ ಹಿಡಿದು ಹಸುವಿನ ಹುಲ್ಲಿಗೆ ಹೋಗುತ್ತಿದ್ದರು. ಊರಿಗೆ ಗೊತ್ತಿದ್ದದ್ದು ಅಷ್ಟು. ಹೊಳೆ ಬದಿಯಲ್ಲಿ ಹುಲ್ಲಿಗೇನು ಬರವೇ? ಬೇಗ ಹೊರೆ ಕಟ್ಟಿ, ಉಳಿದ ಹೊತ್ತೆಲ್ಲ ಹೊಂಗೆ ನೆರಳಲ್ಲಿ ಕೂರುತ್ತಿದ್ದರು. ಅಮ್ಮಯಮ್ಮ ಜೊಂಡಿನಲ್ಲಿ ಬಚ್ಚಿಟ್ಟ ಬಿದಿರುಕೋಲು ತೆಗೆಯುತ್ತಿದ್ದಳು.

ಈ ಹುಚ್ಚು ಹತ್ತಿಸಿದವನು ಬೆಂಗಳೂರಿನ ಯಾವನೋ ಪುಣ್ಯಾತ್ಮ. ಬಹಳ ಹಿಂದೆ ಒಂದು ದಿನ ಬಂದು, ಬಳುಕುವ ಕೋಲು ಹಿಡಿದು, ದಾರವನ್ನು ಗಾಳಿಯಲ್ಲಿ ಹಿಂದೆ ಮುಂದೆ ಬೀಸುತ್ತ ಹಗಲೆಲ್ಲ ನಿಂತಿದ್ದ. ಎರೆಹುಳು ಇಲ್ಲ, ಹಿಟ್ಟಿನುಂಡೆ ಇಲ್ಲ, ಗಾಳಕ್ಕೆ ಬರೀ ಪುಕ್ಕ. ಅವನು ಹೋದ ಮೇಲೆ ಜಾಲಿ ಮುಳ್ಳಿಗೆ ಸಿಕ್ಕಿಕೊಂಡಿದ್ದ ಒಂದು ಗಾಳವನ್ನು ಅಮ್ಮಯಮ್ಮ ಬಿಡಿಸಿ ತಂದಳು. ಬಿಚ್ಚಿ ನೋಡಿದಳು, ಮತ್ತೆ ಕಟ್ಟಿದಳು. ಮನೆ ಹುಂಜದ ಕತ್ತಿನ ಗರಿ, ರವಿಕೆ ಹೊಲಿಯುವ ದಾರ. ನೀರಿನ ಮೇಲೆ ಬಿಟ್ಟರೆ ಥೇಟ್ ಹುಳವೇ. ಇತ್ತ ಹುಂಜದ ಕತ್ತು ಬೋಳಾಗುತ್ತಿದೆಯೆಂದು ಮುನಿವೆಂಕಟಪ್ಪ ಮುಂಗುಸಿಗೆ ಶಾಪ ಹಾಕಿ ಗೂಡಿನ ಸುತ್ತ ಮುಳ್ಳು ಹೊದಿಸಿದ. ಆ ಮುಳ್ಳನ್ನು ಕಡಿದು ಹೊತ್ತು ತಂದವಳೂ ಅಮ್ಮಯಮ್ಮನೇ.

ಮಾತು ಕೊಟ್ಟ ದಿನ ತುಂಬ ಹೊತ್ತು ಮೀನು ಕಚ್ಚಲೇ ಇಲ್ಲ. ಮೂವರೂ ನೀರಿಗೆ ಕಾಲು ಇಳಿಬಿಟ್ಟು ಕೂತಿದ್ದರು. ಬೆಂಗಳೂರಿನ ಬಚ್ಚಲ ನೀರೆಲ್ಲ ಕೂಡಿಕೊಂಡು ಬರುವ ಹೊಳೆ, ಬಿಸಿಲಿಗೆ ಕಾದು ಹಂಡೆಯ ನೀರಿನ ಹಾಗೆ ಬೆಚ್ಚಗಿತ್ತು. ನೊರೆಯ ಮುದ್ದೆಗಳು ಒಂದರ ಹಿಂದೆ ಒಂದು ತೇಲಿ ಬರುತ್ತಿದ್ದವು. ಅಮ್ಮಯಮ್ಮ ಕೋಲು ಬೀಸುವಳು, ಗರಿ ಹೋಗಿ ನೊರೆಯ ಪಕ್ಕ ಕೂರುವುದು, ಕೂತಂತೆಯೇ ತಿರುವಿನ ತನಕ ತೇಲುವುದು, ಅವಳು ಎಳೆದುಕೊಂಡು ಮತ್ತೆ ಬೀಸುವಳು. ಪಿಳ್ಳಮ್ಮನಿಗೆ ನಿದ್ದೆ ಬಂತು, ಎಚ್ಚರವಾಯಿತು, ಮತ್ತೆ ನಿದ್ದೆ ಬಂತು. ಎದ್ದಾಗಲೂ ಅದೇ ಗರಿ, ಅದೇ ನೊರೆ. ಕನಸು ಎಲ್ಲಿ ಮುಗಿಯಿತು, ಹೊಳೆ ಎಲ್ಲಿ ಶುರುವಾಯಿತು ಅವಳಿಗೆ ತಿಳಿಯಲಿಲ್ಲ. ಮಾತಾಡುವುದಕ್ಕೆ ಏನೂ ಇರಲಿಲ್ಲ, ಮಾತಾಡಬೇಕೆಂದು ಯಾರಿಗೂ ಅನ್ನಿಸಲೂ ಇಲ್ಲ.

ಬಿಸಿಲು ಇಳಿಯುವಾಗ ಅಂಗೈಯಗಲದ ಒಂದು ಜಿಲೇಬಿ ಮೀನು ಗರಿಗೆ ಬಾಯಿ ಹಾಕಿತು. ಅಮ್ಮಯಮ್ಮ ಅದನ್ನು ಎತ್ತಿ, ಗಾಳ ಬಿಡಿಸಿ, ಮಗುವಿಗೆ ನೀರು ಹಾಕುವವಳ ಹಾಗೆ ಎರಡೂ ಕೈಯಲ್ಲಿ ಹಿಡಿದು ನೀರಿಗೆ ಬಿಟ್ಟಳು. ಯಾವತ್ತೂ ಹಾಗೆಯೇ. ಆ ನೀರಿನ ಮೀನನ್ನು ತಿನ್ನುವ ಹಾಗಿರಲಿಲ್ಲ. ತಂದಿದ್ದರೆ ಅದೂ ಒಂದು ಕೆಲಸ ಅನ್ನಿಸಿಕೊಳ್ಳುತ್ತಿತ್ತು, ಮನೆಯಲ್ಲಿ ಹೇಳಬಹುದಿತ್ತು. ಇದನ್ನು ಏನೆಂದು ಹೇಳುವುದು?

ತಿನ್ನದ ಮೀನು ಹಿಡಿದು ಏನು ಬಂತು ಎಂದು ಮುನಿಗಂಗಮ್ಮ ಛೇಡಿಸಿದಳು.

"ಏನೂ ಬರ್ಲಿಲ್ಲ ಕಣೇ. ಅದಕ್ಕೇ ಚೆನ್ನಾಗೈತೆ." ಅಮ್ಮಯಮ್ಮ ಗರಿಯನ್ನು ಸೆರಗಿನಲ್ಲಿ ಒರೆಸಿದಳು. "ನಾನು ಹೋದಾಗ ಇದನ್ನ ನನ್ನ ಕೈಗಿಟ್ಟು ಕಳಿಸ್ರೇ. ಇಲ್ದಿದ್ರೆ ಅಲ್ಲೂ ನಂಗೊಂದು ಹಸು ಕೊಟ್ಬಿಡ್ತಾರೆ."

ಇಬ್ಬರೂ ನಕ್ಕು ಹೂಂ ಅಂದಿದ್ದರು. ನಕ್ಕರೂ ಮಾತು ಮಾತೇ.

*

ತಮಟೆ ಶುರುವಾಯಿತು. ಮಗ ಮುನಿರಾಜ್ ಬೆಂಕಿಯ ಮಡಕೆ ಹಿಡಿದು ಮುಂದೆ ಹೊರಟ. ಆ ಊರಲ್ಲಿ ಹೆಂಗಸರು ಹುಣಸೆಮರದ ತನಕ ಮಾತ್ರ. ಅಲ್ಲಿ ಚಟ್ಟ ಇಳಿಸಿ, ದಿಕ್ಕು ತಿರುಗಿಸಿ, ಮತ್ತೆ ಎತ್ತುತ್ತಾರೆ. ಮುನಿಗಂಗಮ್ಮನಿಗೆ ಉಳಿದಿದ್ದದ್ದು ಅಷ್ಟೇ ಹೊತ್ತು. ಗುಂಡಿಯ ತನಕ ಹೋಗುವ ಗಂಡಸಿನ ಕೈಗೆ ಗಾಳ ಕೊಡಬೇಕು, ಕೊಟ್ಟರೆ ಎಲ್ಲ ಹೇಳಬೇಕು. ಊರೆಲ್ಲ ಬಾಯ್ತುಂಬ ಹೊಗಳಿದ ಹೆಸರನ್ನು, ಅದೂ ಈ ದಿನ, ಕಟ್ಟಿಕೊಂಡ ಗಂಡನ ಮುಂದೆ ತಾನೇ ಕೆಡಿಸಬೇಕು. ಆದರೂ ಮುನಿವೆಂಕಟಪ್ಪನನ್ನು ಮರದ ಮರೆಗೆ ಕರೆದಳು.

"ಅಣ್ಣ, ಇದನ್ನ ಅಕ್ಕನ ಕೈಲಿಡ್ಬೇಕು."

ಅವನು ಎಲೆ ಬಿಡಿಸಿದ. ಗರಿಯನ್ನು ಬೆರಳಲ್ಲಿ ಸವರಿದ.

"ಇದು ನನ್ನ ಹುಂಜದ ಗರಿ."

"ಹೂಂ ಅಣ್ಣ. ಮುಂಗುಸಿ ಅಲ್ಲ."

ಅವಳು ತಲೆ ಎತ್ತದೆ ಹೇಳಿದಳು. ಬಿದಿರುಕೋಲು, ಹೊಂಗೆ ನೆರಳು, ಹಿಡಿದು ಬಿಟ್ಟ ಮೀನು. ಹುಲ್ಲು ಕೊಯ್ದಾದ ಮೇಲೆ ಅಕ್ಕ ಸುಮ್ಮನೆ ಕೂತಿರುತ್ತಿದ್ದಳು, ದಿನಾ. ಹೇಳಿ ಮುಗಿಸಿ ಬೈಗುಳಕ್ಕೆ ಕಾದಳು. ಚಟ್ಟ ಎತ್ತುವವರು ಆಗಲೇ ಕೂಗುತ್ತಿದ್ದರು.

"ಅಲ್ಲಿ ನಗ್ತಿದ್ಲಾ?" ಅಂದ ಮುನಿವೆಂಕಟಪ್ಪ.

"ನಗ್ತಿದ್ಲು ಅಣ್ಣ."

ಅವನು ಗಾಳವನ್ನು ಟವಲ್ಲಿನ ಮಡಿಕೆಯಲ್ಲಿ ಇಟ್ಟುಕೊಂಡು ಹೊರಟುಹೋದ.

ಗುಂಡಿಯ ಹತ್ತಿರ ಮುಖದ ಬಟ್ಟೆ ಸರಿಸಿ ಮಣ್ಣು ಹಾಕಲು ಕರೆದಾಗ ಅವನು ಟವಲ್ಲು ತಡಕಿದ. ಗಾಳ ಟವಲ್ಲಿನ ನೂಲಿಗೆ ಕಚ್ಚಿಕೊಂಡಿತ್ತು. ಬೆರಳಿಗೆ ಬಿಡಿಸಲು ಬರಲಿಲ್ಲ. ಎಳೆದಷ್ಟೂ ಗರಿಯೇ ಕಿತ್ತು ಬರುವಂತಿತ್ತು. ಅದೇನಪ್ಪ, ಕೊಡು ಕತ್ತರಿಸ್ತೀನಿ ಎಂದು ಮಗ ಕೈ ನೀಡಿದ. ಮುನಿವೆಂಕಟಪ್ಪ ಕೊಡಲಿಲ್ಲ. ಹೆಗಲಿನ ಟವಲ್ಲನ್ನೇ ತೆಗೆದು, ಗರಿ ಮೇಲೆ ಬರುವಂತೆ ಮಡಿಸಿ, ಹೆಂಡತಿಯ ಬಲಗೈ ಮೇಲೆ ಹೊದಿಸಿದ. ಆಮೇಲೆ ಮೊದಲ ಹಿಡಿ ಮಣ್ಣು ಹಾಕಿದ.

ಸ್ನಾನ ಮಾಡಿ ಬಂದ ಗಂಡಸರು ಮನೆಯಲ್ಲಿ ಅಮ್ಮಯಮ್ಮನನ್ನು ಮಲಗಿಸಿದ್ದ ಜಾಗದಲ್ಲಿ ಹಚ್ಚಿಟ್ಟ ದೀಪ ನೋಡಿ ಒಬ್ಬೊಬ್ಬರಾಗಿ ಚದುರಿದರು. ಹೆಗಲು ಬರಿದಾಗಿದ್ದ ಮುನಿವೆಂಕಟಪ್ಪ ಶಾಮಿಯಾನದ ಕಡೆ ಬರದೆ ಕೊಟ್ಟಿಗೆಯ ಹಿಂದಕ್ಕೆ ಹೋದ. ಹಸುವಿನ ಮುಂದೆ ನಿನ್ನೆಯ ಹುಲ್ಲು ಮುಗಿಯುತ್ತ ಬಂದಿತ್ತು. ಅಲ್ಲಿ ಅಳುತ್ತ ನಿಂತಿದ್ದ ಗೆಳತಿಯರಿಬ್ಬರನ್ನು ಕಂಡು ಅವನು ನಿಂತ.

"ನಾಳೆ ಹುಲ್ಲಿಗೆ ಹೋಗೋವಾಗ ಇತ್ಲಾಗೇ ಬಂದು ಹೋಗ್ರಮ್ಮ."

ಹೇಳಿ, ಹುಂಜದ ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಸುತ್ತ ಹೊದಿಸಿದ್ದ ಜಾಲಿ ಮುಳ್ಳುಗಳನ್ನು ಒಂದೊಂದಾಗಿ ತೆಗೆದು ಪಕ್ಕಕ್ಕೆ ಹಾಕತೊಡಗಿದ. ಹುಂಜ ತನ್ನ ಅರೆಬೋಳು ಕತ್ತನ್ನು ಹೊರಗೆ ಚಾಚಿತು.