ಕಣ್ಣಿದ್ದ ಪ್ಲೇಟು

ಲಾಂಡ್ರಿಯಲ್ಲಿ ಅವನನ್ನು ಎಲ್ಲರೂ ಕಲಾವಿದ ಎಂದೇ ಕರೆಯುತ್ತಿದ್ದರು. ಇಸ್ತ್ರಿ ಮಾಡುವವರು ಇಟ್ಟ ಹೆಸರು. ಅಂಗಿಯ ಮೇಲೆ ಶಾಯಿ ಚೆಲ್ಲಲಿ, ಗ್ರೀಸ್ ಹತ್ತಲಿ, ಕೊನೆಗೆ ಅದು ಅವನ ಮೇಜಿಗೇ ಬರಬೇಕು. ಕಲೆ ತೆಗೆಯುವುದರಲ್ಲಿ ಅವನದು ಎತ್ತಿದ ಕೈ. "ಉಜ್ಜಿದ್ರೋ, ಕೆಟ್ಟಿರಿ. ಸ್ಪಿರಿಟ್ಟಲ್ಲಿ ಹತ್ತಿ ಅದ್ದಿ ಮೆಲ್ಲಗೆ ಒತ್ತಿ, ಎತ್ತಿ. ಒತ್ತಿ, ಎತ್ತಿ" ಎಂದು ಹೊಸಬರಿಗೆ ಹೇಳಿಕೊಡುತ್ತಿದ್ದ.

ಮನೆಯಲ್ಲಿ ಅವನಿಗಿದ್ದ ಹುಚ್ಚೇ ಬೇರೆ. ಜಗತ್ತೆಲ್ಲ ಮೆರೆದ ಒಂದು ಹಾಡುಗಾರರ ತಂಡ, ಇನ್ನೂ ಹೆಸರು ಮಾಡುವ ಮೊದಲು ಒಂದು ಸಣ್ಣ ಗ್ರಾಮಫೋನ್ ಪ್ಲೇಟು ಹೊರತಂದಿತ್ತು. ಆ ಒಂದೇ ಹಾಡನ್ನು ಬೇರೆ ಬೇರೆ ಸೀಮೆಯ ಕಾರ್ಖಾನೆಗಳು ತಮ್ಮ ತಮ್ಮ ರೀತಿಯಲ್ಲಿ ಅಚ್ಚು ಹಾಕಿದ್ದವು. ಒಂದು ಕಡೆಯದಕ್ಕೆ ಹಳದಿ ಲೇಬಲ್ಲು, ಇನ್ನೊಂದು ಕಡೆಯದಕ್ಕೆ ನಡುವಿನ ತೂತು ದೊಡ್ಡದು, ಮತ್ತೊಂದನ್ನು ದೀಪಕ್ಕೆ ಹಿಡಿದರೆ ಕೆಂಪಗೆ ಕಾಣುತ್ತಿತ್ತು. ಅವನ್ನೆಲ್ಲ ಕೂಡಿಹಾಕುವುದೇ ಅವನ ಹುಚ್ಚು.

"ಅದೇ ಹಾಡು, ಅದೇ ರಾಗ. ಒಂದೇ ಥರದ ಚಪ್ಪಲೀನ ಊರೆಲ್ಲಾ ಹುಡುಕಿ ಕೊಂಡ ಹಾಗಾಯ್ತು" ಎಂದು ಹೆಂಡತಿ ಛೇಡಿಸುತ್ತಿದ್ದಳು.

ಅವುಗಳಲ್ಲಿ ಹಳದಿ ಲೇಬಲ್ಲಿನದು ಮಗಳು ಪುಟ್ಟಿಯ ಪಾಲಿಗೆ ಬಿದ್ದಿತ್ತು. ಇನ್ನೂ ಸರಿಯಾಗಿ ಮಾತು ಬಾರದ ಕಾಲದಲ್ಲಿ ಅವಳು ಮುಳ್ಳಿನ ಕೈ ಹಿಡಿದು ಪರ್ರನೆ ಎಳೆದು ಗೀರು ಹಾಕಿದ್ದಳು. ಅಂದಿನಿಂದ ಎರಡನೆಯ ಸಾಲಿನ ನಡುವೆ ಮುಳ್ಳು ಛಂಗನೆ ಹಾರಿ ಮುಂದಕ್ಕೆ ಹೋಗುತ್ತಿತ್ತು. ಅದು ಹಾರುವಾಗ ಇವಳೂ ಹಾರುತ್ತಿದ್ದಳು. ನೆಲ ಧಡ್ ಎನ್ನುತ್ತಿತ್ತು. ಕೆಳಮನೆಯ ಅಜ್ಜಿ ಪೊರಕೆಯ ಹಿಡಿಯಿಂದ ತಮ್ಮ ಸೂರಿಗೆ ಟಕ್ ಟಕ್ ಎಂದು ಕುಟ್ಟುತ್ತಿದ್ದರು.

"ಮೆತ್ತಗೆ ಪುಟ್ಟೀ, ಅಜ್ಜಿ ಬೈತಾರೆ" ಎನ್ನುತ್ತಿದ್ದಳು ತಾಯಿ, ನಗು ತಡೆಯಲಾಗದೆ.

ಆಮೇಲೊಂದು ದಿನ ಪುಟ್ಟಿ ಲೇಬಲ್ಲಿನ ಮೇಲೆ ನೀಲಿ ಪೆನ್ನಿನಲ್ಲಿ ಎರಡು ಕಣ್ಣು ಬರೆದಳು. ನಡುವಿನ ತೂತೇ ಬಾಯಿ. "ನೋಡಪ್ಪಾ, ಹಾಡೋ ಬಾಯಿ!"

ಕೂಡಿಹಾಕುವವರ ಕಟ್ಟಳೆ ಒಂದೇ: ಒಳ್ಳೆಯದು ಸಿಕ್ಕರೆ ಕೆಟ್ಟದ್ದನ್ನು ಕೊಟ್ಟುಬಿಡಬೇಕು. ಪುಟ್ಟಿಯೂ ಒಮ್ಮೊಮ್ಮೆ ಅಪ್ಪನ ಜೊತೆ ಹೋಗುತ್ತಿದ್ದ ಹಳೆಯ ಪ್ಲೇಟುಗಳ ಅಂಗಡಿಯವನನ್ನು ಪ್ಲೇಟಣ್ಣ ಎನ್ನುತ್ತಿದ್ದರು. ಅವನ ಬಳಿ ಅದೇ ಹಳದಿ ಲೇಬಲ್ಲಿನ, ಗೀರಿಲ್ಲದ ಪ್ಲೇಟು ಬಂದಾಗ ಇವನು ಕಣ್ಣಿನ ಪ್ಲೇಟನ್ನು ಕೊಟ್ಟು ಬದಲಿಸಿಕೊಂಡ. ನಾಚಿಕೆ ಮುಚ್ಚಿಕೊಳ್ಳಲು, "ಗೀರಿಗೆ ಮದ್ದಿಲ್ಲ ಅಣ್ಣ, ಆದ್ರೆ ಶಾಯಿ ಹೋಗುತ್ತೆ" ಎಂದು ಒತ್ತಿ ಎತ್ತುವ ವಿದ್ಯೆಯನ್ನೂ ಹೇಳಿಕೊಟ್ಟು ಬಂದ.

ಹೊಸದನ್ನು ಹಾಕಿದಾಗ ಪುಟ್ಟಿ ಮೊಣಕಾಲು ಬಗ್ಗಿಸಿ ಕಾದಳು. ಮುಳ್ಳು ಹಾರಲಿಲ್ಲ. ಹಾಡು ನೀರಿನ ಹಾಗೆ ಹರಿದು ಮುಗಿದುಹೋಯಿತು.

"ಇದು ನಮ್ಮ ಹಾಡಲ್ಲ" ಎಂದಳು. ಎರಡು ದಿನ ಅಪ್ಪನ ಜೊತೆ ಟೂ ಬಿಟ್ಟಳು.

ಅದೇ ವರ್ಷ ಜ್ವರವೆಂದು ಆಸ್ಪತ್ರೆಗೆ ಹೋದ ಪುಟ್ಟಿ ಮರಳಿ ಬರಲಿಲ್ಲ.

ಮನೆಯಲ್ಲಿ ಮಾತು ಸತ್ತುಹೋಯಿತು. ಹೆಂಡತಿ ಉಪ್ಪು, ಸಾಬೂನು, ಬಾಡಿಗೆ ಎಂದಷ್ಟೇ ಬಾಯಿ ಬಿಡುತ್ತಿದ್ದಳು. ಮಗಳ ಹೆಸರನ್ನು ಇಬ್ಬರೂ ಎತ್ತುತ್ತಿರಲಿಲ್ಲ. ಕಪಾಟಿನ ತುಂಬ ಕಳಂಕವಿಲ್ಲದ ಪ್ಲೇಟುಗಳು. ಅವನಿಗೆ ಬೇಕಾಗಿದ್ದದ್ದು ಕೆಟ್ಟುಹೋದ ಅದೊಂದೇ. ಪ್ಲೇಟಣ್ಣನಿಗೆ ಫೋನು ಮಾಡಿ, "ಆ ಹಳೇದು ವಾಪಸ್ ಬೇಕಿತ್ತಲ್ಲಣ್ಣ" ಎಂದ. ಯಾಕೆ ಎಂದು ಹೇಳಲು ನಾಲಿಗೆ ಏಳಲಿಲ್ಲ. ಪ್ಲೇಟಣ್ಣ ಅದನ್ನು ಯಾವುದೋ ಗಂಟಿನೊಂದಿಗೆ ಪರವೂರಿಗೆ ಮಾರಿಬಿಟ್ಟಿದ್ದ. "ಭೂಮಿ ಮೇಲಿದ್ರೆ ತರಿಸ್ತೀನಿ ಬಿಡು" ಎಂದ.

ತಿಂಗಳುಗಳ ಮೇಲೆ ಒಂದು ಸಂಜೆ ಕರೆ ಬಂತು. ಇವನು ಏಪ್ರನ್ನನ್ನೂ ಬಿಚ್ಚದೆ ಓಡಿದ.

"ಬಾರಯ್ಯ ಕಲಾವಿದ! ನಿನ್ನ ಪ್ಲೇಟು ಮೂರೂರು ಸುತ್ತಿ ತವರಿಗೆ ಬಂದಿದೆ" ಎಂದು ಪ್ಲೇಟಣ್ಣ ಲಕೋಟೆಯಿಂದ ಜೋಪಾನವಾಗಿ ಹೊರತೆಗೆದ. "ನಿಂಗೆ ಗಲೀಜಾಗಿ ಕೊಡೋದಾ? ಅದಕ್ಕೇ ಬೆಳಗ್ಗೆಯಿಂದ ಕೂತ್ಕೊಂಡೆ. ಉಜ್ಜಿಲ್ಲಪ್ಪಾ, ನೀನು ಹೇಳಿಕೊಟ್ಟ ಹಾಗೇ, ಒತ್ತಿ ಎತ್ತಿ, ಒತ್ತಿ ಎತ್ತಿ. ನೋಡು, ಗುರುವನ್ನೇ ಮೀರಿಸಿದೆ!"

ಹಳದಿ ಲೇಬಲ್ಲು ಹೊಸದರ ಹಾಗೆ ಹೊಳೆಯುತ್ತಿತ್ತು. ಬಾಯಿ ಇತ್ತು. ಕಣ್ಣಿರಲಿಲ್ಲ.

ಅವನು ಅದನ್ನು ಬೆಳಕಿಗೆ ಓರೆಯಾಗಿ ಹಿಡಿದ. ಎಲ್ಲಾದರೂ ಒಂದು ನೀಲಿ ಎಳೆ? ಇಲ್ಲ. ಒಳ್ಳೆಯ ಕೆಲಸ. ಅವನೇ ಮಾಡಿದ್ದರೂ ಇಷ್ಟು ಚೊಕ್ಕವಾಗಿ ಆಗುತ್ತಿರಲಿಲ್ಲ.

"ಯಾಕೋ, ಚೆನ್ನಾಗಿಲ್ವಾ?"

"ತುಂಬಾ ಚೆನ್ನಾಗಿದೆ ಅಣ್ಣ."

"ಮತ್ತೆ ಪುಟ್ಟಿ ಎಲ್ಲಿ? ಕರ್ಕೊಂಡು ಬರ್ಬಾರ್ದಾಗಿತ್ತಾ? ಈಗ ಎಷ್ಟುದ್ದ ಆಗಿದಾಳೋ!"

ಅವನು ಏಪ್ರನ್ನಿನ ಅಂಚಿನಿಂದ ಪ್ಲೇಟನ್ನು ಒರೆಸತೊಡಗಿದ. ಒರೆಸಲು ಅಲ್ಲಿ ಏನೂ ಉಳಿದಿರಲಿಲ್ಲ. ಪ್ಲೇಟಣ್ಣ ಅವನ ಕೈಯನ್ನೇ ನೋಡಿದ, ಆಮೇಲೆ ಮುಖವನ್ನು.

"ಅಯ್ಯೋ... ಒಂದು ಮಾತು ಹೇಳ್ಬಾರ್ದಾಗಿತ್ತೇನೋ..."

ಮನೆಗೆ ಬಂದಾಗ ಹೆಂಡತಿ ಪಾತ್ರೆ ಒರೆಸುತ್ತಿದ್ದಳು. ಅವನು ಪ್ಲೇಟು ಹಾಕಿ, ಮುಳ್ಳು ಇಳಿಸಿದ. ಮೊದಲ ಸಾಲು ಬಂತು. ಎರಡನೆಯದು ಶುರುವಾಯಿತು. ಕೈಯಲ್ಲಿದ್ದ ತಟ್ಟೆ ಹಾಗೇ ಹಿಡಿದು ಅವಳು ತಿರುಗಿದಳು.

ಛಂಗ್. ಮುಳ್ಳು ಹಾರಿತು.

ನೆಲ ಸದ್ದು ಮಾಡಲಿಲ್ಲ.

ಆಗ ಕೆಳಗಿನಿಂದ, ಇಷ್ಟು ದಿನ ಇಲ್ಲದ್ದು, ಮೆಲ್ಲಗೆ, ಕೇಳಿಸಿಯೂ ಕೇಳಿಸದ ಹಾಗೆ ಬಂತು: ಟಕ್ ಟಕ್.

"ಮೆತ್ತಗೆ ಪುಟ್ಟೀ, ಅಜ್ಜಿ ಬೈ..." ಎಂದ ಹೆಂಡತಿ ಅಲ್ಲಿಗೇ ಬಾಯಿಗೆ ಸೆರಗು ಒತ್ತಿಕೊಂಡು ನೆಲದ ಮೇಲೆ ಕೂತುಬಿಟ್ಟಳು.

ಅವನು ಹೋಗಿ ಅವಳ ಪಕ್ಕ ಕೂತ. ಹಾಡು ಮುಗಿದು ಮುಳ್ಳು ಕೊನೆಯ ಸುತ್ತಿನಲ್ಲೇ ಕರಕರ ತಿರುಗುತ್ತಿತ್ತು. ಎತ್ತಿಡಲು ಇಬ್ಬರೂ ಏಳಲಿಲ್ಲ.